ಹಳೆಯ ಪಿಕಪ್ಪಿನ ನರನಾಡಿ

ಹಾಸನ ಜಿಲ್ಲೆಯ ಹೆಸರೆತ್ತಿದೊಡನೆ ಕಣ್ಣಿಗೆ ಕಟ್ಟುವುದು ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಕಲ್ಲಿನಲ್ಲಿ ಕಡೆದದ್ದನ್ನು ಕಾಪಾಡಬೇಕೆಂಬ ವಿಷಯದಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕಬ್ಬಿಣದಲ್ಲಿ ಕಟ್ಟಿದ್ದರ ಪಾಡು ಬೇರೆ. ಅದು ತುಕ್ಕು ಹಿಡಿಯುವ ತನಕ ದುಡಿಯಬೇಕು, ಹಿಡಿದ ಮೇಲೆ ಗುಜರಿಗೆ ಹೋಗಬೇಕು. ಈ ಕಟ್ಟಳೆಯಿಂದ ವಿನಾಯಿತಿ ಪಡೆದಿರುವುದು ಬಹುಮಟ್ಟಿಗೆ ಅರಸರ, ಸಾಹುಕಾರರ ಕಾರುಗಳು ಮಾತ್ರ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಅದೇ ಕ್ಷೇತ್ರದವರು ಶ್ರೀರಂಗಪಟ್ಟಣದ ಬಳಿ ೨೦೨೩ರಲ್ಲಿ ತೆರೆದ ‘ಪಯಣ’ದಲ್ಲಿ ಮೆರುಗಿಟ್ಟು ನಿಲ್ಲಿಸಿರುವ ಹಳೆಯ ಕಾರುಗಳನ್ನು ನೋಡುವುದು ಕಣ್ಣಿಗೆ ಹಬ್ಬವೇ ಸರಿ. ಆದರೆ ಗೊಬ್ಬರ, ಸೌದೆ, ಆಲೂಗಡ್ಡೆಯ ಮೂಟೆ, ಹೊಗೆಸೊಪ್ಪಿನ ಬೇಲು, ಒಮ್ಮೊಮ್ಮೆ ಮದುವೆಯ ದಿಬ್ಬಣ, ಇವೆಲ್ಲವನ್ನೂ ಹೊತ್ತು ಸವೆದ ಪಿಕಪ್ಪುಗಳನ್ನು ಉಳಿಸಿಕೊಳ್ಳುವ ಯೋಚನೆ ಎಷ್ಟು ಜನಕ್ಕೆ ಬರುತ್ತದೆ?

ಕೊಣನೂರಿನ ಒಂದು ಕುಟುಂಬಕ್ಕೆ ಬಂದಿದೆ. ಅರಕಲಗೂಡು ತಾಲ್ಲೂಕಿನ ಈ ಊರು ಕಾವೇರಿಯ ದಡದಲ್ಲಿದೆ. ಕೊಡಗಿನಿಂದ ಇಳಿದ ಹೊಳೆ ಕುಶಾಲನಗರವನ್ನು ದಾಟಿ ಇಲ್ಲಿಗೆ ಬಂದು, ಮುಂದೆ ರಾಮನಾಥಪುರದ ಕಡೆಗೆ ಹರಿಯುತ್ತದೆ. ೧೯೫೬ರ ನವೆಂಬರ್ ೧ರವರೆಗೆ ಕೊಡಗು ಬೇರೆಯೇ ರಾಜ್ಯ. ಕೊಣನೂರು ಮೈಸೂರು ಸೀಮೆಯ ಕೊನೆಯ ಊರುಗಳಲ್ಲಿ ಒಂದು. ಇತ್ತ ಭತ್ತ, ಹೊಗೆಸೊಪ್ಪು. ಅತ್ತ ಕಾಫಿ, ಮೆಣಸು. ನಡುವೆ ಮಣ್ಣು ರಸ್ತೆ. ಇಂಥ ಕಡೆ ಲಾರಿ ದೊಡ್ಡದಾಯಿತು, ಎತ್ತಿನ ಗಾಡಿ ನಿಧಾನವಾಯಿತು ಎನ್ನುವವರಿಗೆ ಒದಗಿದ್ದು ಜೀಪು ಮತ್ತು ಜೀಪಿನ ಮಕ್ಕಳಾದ ಪಿಕಪ್ಪುಗಳು. ಆ ಕುಟುಂಬದ ಹಿತ್ತಿಲ ಷೆಡ್ಡಿನಲ್ಲಿ ನಿಂತಿರುವುದು ಮಹೀಂದ್ರದ ಎಫ್.ಸಿ. ೧೫೦. ನಂಬರಿನ ಫಲಕದ ಮೊದಲ ಅಕ್ಷರಗಳು ‘ಎಂ.ವೈ.’ ಎಂದಿವೆ. ಅಂದರೆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರುವ ಮೊದಲಿನ ಕಾಲದ್ದು, ಹಾಸನಕ್ಕೆ ‘ಕೆ.ಎ. ೧೩’ ಬರುವುದಕ್ಕಂತೂ ಬಹಳ ಮೊದಲಿನದು.

ಬಣ್ಣ ಹೋಗಿರುವುದು, ತಳದ ತಗಡು ತೂತಾಗಿರುವುದು ದೊಡ್ಡ ವಿಷಯವಲ್ಲ. ತಗಡಿನ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಎಂಜಿನು ಬಿಚ್ಚಿ ಕಟ್ಟುವವರಿಗೂ ಬರಗಾಲವಿಲ್ಲ. ಕೆಲಸ ನಿಂತದ್ದು ತಂತಿಯ ಬಳಿ. ಡ್ಯಾಷ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟು ನೋಡಿದ ವೈರಿಂಗ್ ಮಿಸ್ತ್ರಿ ತಲೆ ಹೊರಗೆ ತೆಗೆದು, ‘ಇದು ವೈರಿಂಗ್ ಅಲ್ಲ ಸ್ವಾಮಿ, ಗೀಜಗನ ಗೂಡು’ ಎಂದರು. ಗೀಜಗ ಇಷ್ಟು ಅಂದಗೆಡಿಸಿ ಗೂಡು ಕಟ್ಟುವುದಿಲ್ಲ ಎಂಬುದನ್ನು ಆ ಹಕ್ಕಿಯ ಪರವಾಗಿ ಹೇಳಬೇಕು.

ನನಗೆ ಆ ಗೂಡಿನಲ್ಲಿ ಕಂಡದ್ದು ಇತಿಹಾಸ. ಸರ್ಕಾರದ ಕಡತಗಳಲ್ಲಿ ಇರುವ ಇತಿಹಾಸವಲ್ಲ. ಆ ಕಡತಗಳಲ್ಲಿ ಬರೆದ ಆಜ್ಞೆಗಳು ಊರೂರಿಗೆ ಬಂದು ಮುಟ್ಟಿದಾಗ ಜನ ಹೇಗೆ ಹೊಂದಿಕೊಂಡರು ಎಂಬ ಇತಿಹಾಸ. ಅದನ್ನು ಓದಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೋಟಾರು ಗಾಡಿಯನ್ನು ನಾವೇ ಮಾಡಬೇಕೆಂಬ ಕನಸು ಮೈಸೂರಿನವರಿಗೆ ಬೇಗನೆ ಬಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಬಹುಕಾಲವಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ೧೯೩೫ರಲ್ಲಿ ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಹಣಕಾಸಿನ ಹೊಣೆಗೆ ಮುಂದಾದರು. ಮೈಸೂರು ಸರ್ಕಾರವೂ ಆಸಕ್ತಿ ತೋರಿತು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಹುಟ್ಟಿತು, ಮೋಟಾರಿನದು ಹುಟ್ಟಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಕಂಪೆನಿ ೧೯೪೪ರಲ್ಲಿ ಬೊಂಬಾಯಿಯಲ್ಲಿ ತಲೆಯೆತ್ತಿತು. ಅದು ಬೆಂಗಳೂರಿನಲ್ಲೋ ಭದ್ರಾವತಿಯ ಉಕ್ಕಿನ ಪಕ್ಕದಲ್ಲೋ ಆಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಇತಿಹಾಸವಲ್ಲ. ಊಹಿಸದೆ ಇರುವುದೂ ಕಷ್ಟ.

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. ಬಸ್ಸುಗಳ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿ, ಅದರ ಅನಿಲದಿಂದ ಓಡಿಸಿದ ಕಥೆಯನ್ನು ಹಿರಿಯರು ನಗುತ್ತ ಹೇಳುತ್ತಿದ್ದರು. ಅದೇ ಯುದ್ಧ ಲೋಕಕ್ಕೆ ಜೀಪನ್ನು ಕೊಟ್ಟಿತು. ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಮಾಡಿದವು. ಯುದ್ಧ ಮುಗಿದಾಗ ಭಾರತದಲ್ಲಿ ಉಳಿದುಹೋದ ಸೈನ್ಯದ ಗಾಡಿಗಳನ್ನು ವಿಲೇವಾರಿಯಲ್ಲಿ ಮಾರಿದರು. ತೋಟದವರು, ಗುತ್ತಿಗೆದಾರರು, ಮರದ ವ್ಯಾಪಾರಿಗಳು ಕೊಂಡರು. ಅದೇ ಕಾಲದಲ್ಲಿ, ೧೯೪೫ರಲ್ಲಿ ಬೊಂಬಾಯಿಯಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಸಂಸ್ಥೆ ಆ ದಶಕ ಮುಗಿಯುವ ಮುನ್ನ ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರತೊಡಗಿತು.

ಇಲ್ಲಿಂದ ಮುಂದಿನದು ನಮ್ಮ ವಿಷಯಕ್ಕೆ ತೀರ ಹತ್ತಿರ. ಫೋರ್ಡಿನವರು ೧೯೨೬ರಿಂದ, ಜನರಲ್ ಮೋಟಾರ್ಸಿನವರು ೧೯೨೮ರಿಂದ ಈ ದೇಶದಲ್ಲಿ ಗಾಡಿಗಳನ್ನು ಜೋಡಿಸಿ ಮಾರುತ್ತಿದ್ದರು. ಬಿಡಿಭಾಗಗಳನ್ನು ಇಲ್ಲೇ ತಯಾರಿಸುವ ಕಾರ್ಯಕ್ರಮವಿಲ್ಲದವರು ನಡೆಯಬಹುದು ಎಂಬ ಧೋರಣೆಯನ್ನು ೧೯೫೩ರಲ್ಲಿ ಸರ್ಕಾರ ತಳೆದಾಗ ಇಬ್ಬರೂ ಗಂಟುಮೂಟೆ ಕಟ್ಟಿದರು. ಧೋರಣೆ ಸರಿಯಾದದ್ದೇ, ಅದರಿಂದಲೇ ನಮ್ಮಲ್ಲಿ ಮೋಟಾರು ಕೈಗಾರಿಕೆ ಬೇರೂರಿತು. ಆದರೆ ಆ ವೇಳೆಗಾಗಲೇ ಊರೂರಲ್ಲಿ ಓಡುತ್ತಿದ್ದ ಷೆವರ್ಲೆ, ಫೋರ್ಡ್ ಲಾರಿಗಳು ಒಂದೇ ದಿನದಲ್ಲಿ ತಬ್ಬಲಿಗಳಾದವು. ೧೯೫೭ರ ಸುಮಾರಿಗೆ ವಿದೇಶೀ ವಿನಿಮಯದ ಮುಗ್ಗಟ್ಟು ಬಂದು ಆಮದಿನ ಮೇಲೆ ಹಿಡಿತ ಇನ್ನೂ ಬಿಗಿಯಾಯಿತು. ಬೆಂಗಳೂರಿನಲ್ಲಿ ೧೯೫೧ರಲ್ಲಿ ಆರಂಭವಾದ ಮೈಕೋ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲಿನ ಪಂಪನ್ನೂ ಕೊಟ್ಟಿತು. ಡೈನಮೋ, ಸ್ಟಾರ್ಟರು ಮುಂತಾದ ವಿದ್ಯುತ್ ಸಾಮಗ್ರಿಗಳಿಗೆ ಮದರಾಸಿನಲ್ಲಿ ಲ್ಯೂಕಸ್–ಟಿ.ವಿ.ಎಸ್. ಹುಟ್ಟಿದ್ದು ಅರವತ್ತರ ದಶಕದ ಮೊದಲಲ್ಲಿ. ನಡುವಿನ ವರ್ಷಗಳಲ್ಲಿ ಕೆಟ್ಟದ್ದನ್ನು ಸರಿಮಾಡಿದ್ದು ಯಾವುದರಿಂದ? ಸಿಕ್ಕಿದ್ದರಿಂದ. ನಮ್ಮ ದೇಶದ ಮೋಟಾರು ಮಿಸ್ತ್ರಿಯ ಕೈಚಳಕವೂ ಅವನ ಕೆಟ್ಟ ಚಾಳಿಗಳೂ ಒಟ್ಟಿಗೆ ಬೆಳೆದದ್ದು ಆಗ.

ಎಫ್.ಸಿ. ಎಂದರೆ ಫಾರ್ವರ್ಡ್ ಕಂಟ್ರೋಲ್. ಜೀಪಿನ ಮೂತಿಯನ್ನು ಕತ್ತರಿಸಿ, ಚಾಲಕನನ್ನು ಎಂಜಿನಿನ ಪಕ್ಕಕ್ಕೆ ತಂದು ಕೂರಿಸಿ, ಹಿಂದೆ ಉಳಿದ ಜಾಗವನ್ನೆಲ್ಲ ಸಾಮಾನಿಗೆ ಕೊಟ್ಟ ಗಾಡಿ. ಚಕ್ರದಿಂದ ಚಕ್ರಕ್ಕೆ ೮೧ ಅಂಗುಲವಷ್ಟೇ ಆದರೂ ಸಾಮಾನಿನ ತೊಟ್ಟಿ ಆರಡಿಗೆ ಮಿಗಿಲು. ಅಮೆರಿಕದಲ್ಲಿ ಇದು ೧೯೫೬ರಲ್ಲಿ ಹುಟ್ಟಿ, ಹೆಚ್ಚು ಜನಪ್ರಿಯವಾಗದೆ, ಅರವತ್ತರ ದಶಕದ ನಡುವೆ ನಿಂತಿತು. ಮಹೀಂದ್ರದವರು ಇಲ್ಲಿ ಅದನ್ನು ಮಾಡಲು ಹಿಡಿದದ್ದು ೧೯೬೫ರಲ್ಲಿ. ಅಲ್ಲಿ ಮುಗಿದ ಆಯುಸ್ಸು ಇಲ್ಲಿ ಮತ್ತೆ ಮೊದಲಾಯಿತು. ನಮ್ಮ ರಸ್ತೆಗಳೇ ಇದಕ್ಕೆ ಹೇಳಿಮಾಡಿಸಿದಂತಿದ್ದವು ಎನ್ನಬೇಕು, ಅಥವಾ ಇದು ನಮ್ಮ ರಸ್ತೆಗಳಿಗೆ.

ಆದರೆ ಒಂದು ದೋಷ ಹುಟ್ಟಿನಿಂದಲೇ ಬಂದಿತ್ತು. ಎಂಜಿನು ಚಾಲಕನ ಮತ್ತು ಪಕ್ಕದವನ ನಡುವೆ ತಗಡಿನ ಮುಚ್ಚಳದ ಕೆಳಗೆ ಕೂರುತ್ತದೆ. ಬೇಸಗೆಯಲ್ಲಿ ಕಾಲು ಬೇಯುತ್ತದೆ. ಕಾಲು ಬೇಯುವಲ್ಲಿ ತಂತಿಯ ಹೊದಿಕೆ ಬೇಯದೆ ಇದ್ದೀತೆ? ಹಳೆಯ ಗಾಡಿಗಳಲ್ಲಿ ತಾಮ್ರದ ಎಳೆಗಳ ಮೇಲೆ ರಬ್ಬರು, ರಬ್ಬರಿನ ಮೇಲೆ ಹತ್ತಿಯ ನೇಯ್ಗೆ. ಪ್ಲಾಸ್ಟಿಕ್ಕಿನ ಹೊದಿಕೆ ಬಳಕೆಗೆ ಬಂದದ್ದು ಆಮೇಲೆ. ರಬ್ಬರು ಕಾವಿಗೆ ಗಡುಸಾಗಿ, ಸಿಬಿರೊಡೆದು, ಮುಟ್ಟಿದರೆ ಹುರಿದ ಹಪ್ಪಳದಂತೆ ಉದುರುತ್ತದೆ. ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ.

ಗಾಡಿಯ ವಿದ್ಯುತ್ತಿನ ವಿಷಯ ಮನೆಯದಕ್ಕಿಂತ ಬೇರೆ. ಮನೆಯಲ್ಲಿ ಪ್ರತಿಯೊಂದು ದೀಪಕ್ಕೂ ಎರಡು ತಂತಿ. ಗಾಡಿಯಲ್ಲಿ ಒಂದೇ ತಂತಿ. ಹಿಂತಿರುಗುವ ದಾರಿ ಗಾಡಿಯ ಕಬ್ಬಿಣದ ಮೈ. ಇದನ್ನೇ ಮಿಸ್ತ್ರಿಗಳು ‘ಅರ್ತು’ ಎನ್ನುವುದು. ಬ್ಯಾಟರಿಯ ಎರಡು ತುದಿಗಳಲ್ಲಿ ಯಾವುದನ್ನು ಮೈಗೆ ಕಟ್ಟಬೇಕು? ಇದರಲ್ಲಿ ಲೋಕಕ್ಕೆ ಏಕಮತವಿರಲಿಲ್ಲ. ಮೂವತ್ತರ ದಶಕದ ನಡುವಿನಿಂದ ಅರವತ್ತರ ದಶಕದ ನಡುವಿನವರೆಗೆ ಬ್ರಿಟಿಷರ ಗಾಡಿಗಳಲ್ಲಿ ಸಾಮಾನ್ಯವಾಗಿ ಧನ ತುದಿ ಮೈಗೆ. ವಿಲ್ಲೀಸ್ ಜೀಪಿನಲ್ಲಿ, ಷೆವರ್ಲೆಯಲ್ಲಿ ಋಣ ತುದಿ ಮೈಗೆ. ಫೋರ್ಡು ಅಮೆರಿಕದ್ದೇ ಆದರೂ ೧೯೫೫ರವರೆಗೆ ಧನವೇ ಮೈಗೆ. ಸಾಲದ್ದಕ್ಕೆ ಯುದ್ಧಕಾಲದ ಜೀಪು ೬ ವೋಲ್ಟಿನದು, ಬ್ರಿಟಿಷ್ ಕಾರು ಬಹುಮಟ್ಟಿಗೆ ೧೨ ವೋಲ್ಟಿನದು. ಒಂದೇ ಷೆಡ್ಡಿನಲ್ಲಿ ಬೆಳಗ್ಗೆ ಜೀಪು, ಮಧ್ಯಾಹ್ನ ಲ್ಯಾಂಡ್‌ಮಾಸ್ಟರ್, ಸಂಜೆ ಹಳೆಯ ಫೋರ್ಡ್ ಲಾರಿ ಬಂದರೆ, ಪುಸ್ತಕವಿಲ್ಲದ, ಇಂಗ್ಲಿಷು ಬಾರದ, ಹನ್ನೆರಡನೆಯ ವಯಸ್ಸಿಗೆ ಸ್ಪ್ಯಾನರು ಹಿಡಿದ ಹುಡುಗ ಏನು ಮಾಡಬೇಕು?

ಬ್ಯಾಟರಿಯನ್ನು ತಿರುಗುಮುರುಗು ಕಟ್ಟಿದರೂ ಹಳೆಯ ಗಾಡಿ ಓಡುತ್ತದೆ ಎಂಬುದೇ ದೊಡ್ಡ ಕೇಡು. ದೀಪಕ್ಕೆ ಧನ ಋಣದ ಭೇದವಿಲ್ಲ. ಹಾರನ್ನು ಕೂಗುತ್ತದೆ. ಸ್ಟಾರ್ಟರು ತಿರುಗುತ್ತದೆ. ಆಂಪಿಯರಿನ ಮುಳ್ಳು ಮಾತ್ರ ತಿರುಗಿ ಓಡುತ್ತದೆ; ಅದು ಕೆಟ್ಟಿದೆಯೆಂದು ಬಿಟ್ಟುಬಿಡುತ್ತಾರೆ. ಕಾಯಿಲಿನ ಕಿಡಿ ಕೊಂಚ ಸೋಲುತ್ತದೆ, ಮುಂಜಾನೆ ಎಂಜಿನು ಹಿಡಿಯಲು ತಡವಾಗುತ್ತದೆ, ಅದಕ್ಕೆ ಪ್ಲಗ್ಗನ್ನು ಬೈಯುತ್ತಾರೆ. ಹೀಗೆ ತಪ್ಪೊಂದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಗಾಡಿಯೊಳಗೆ ಸಂಸಾರ ಹೂಡುತ್ತದೆ. ಮುಂದೆ ಡೈನಮೋ ಹೋಗಿ ಆಲ್ಟರ್ನೇಟರು ಬಂದ ದಿನ ಅದರೊಳಗಿನ ಡಯೋಡುಗಳು ಕ್ಷಣಮಾತ್ರದಲ್ಲಿ ಸುಟ್ಟು ಆ ತಪ್ಪಿನ ಲೆಕ್ಕ ಚುಕ್ತಾ ಮಾಡುತ್ತವೆ.

ಕೊಣನೂರಿನ ಗಾಡಿಯಲ್ಲಿ ಹೆಚ್ಚಾಗಿ ಕಂಡ ತಂತಿ ಗಾಡಿಯದಲ್ಲ, ಮನೆಯದು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತು ಹುಟ್ಟಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು; ೧೯೦೫ರಲ್ಲಿ ಬೆಂಗಳೂರಿನ ಬೀದಿಗೆ ಬಂದಿತು. ಜೋಗದ ವಿದ್ಯುದಾಗಾರ ೧೯೪೮ರಲ್ಲಿ ಆರಂಭವಾದ ಮೇಲೆ, ಐವತ್ತು ಅರವತ್ತರ ದಶಕಗಳಲ್ಲಿ ಹೋಬಳಿಯ ಊರುಗಳಿಗೂ ಕಂಬಗಳು ನಡೆದು ಬಂದವು. ಕಂಬದ ಹಿಂದೆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಬಂದಿತು. ಅಂಗಡಿಯಲ್ಲಿ ಮನೆಗೆ ಎಳೆಯುವ ೩/೨೨ ತಂತಿ, ಅಂದರೆ ೨೨ನೆಯ ಗೇಜಿನ ಮೂರು ಎಳೆಯದು, ಸುರುಳಿಗಟ್ಟಲೆ ಸಿಕ್ಕಿತು. ಗಾಡಿಯ ತಂತಿ ಬೇಕಾದರೆ ಹಾಸನಕ್ಕೋ ಮೈಸೂರಿಗೋ ಹೋಗಬೇಕು. ಲೋಡು ರಸ್ತೆಯಲ್ಲಿ ನಿಂತಿರುವಾಗ ಯಾರು ಹೋಗುತ್ತಾರೆ? ಅದಲ್ಲದೆ ಅಂಗಡಿಯವನ ತರ್ಕವೂ ಒಪ್ಪುವಂತೆಯೇ ಕೇಳುತ್ತದೆ: ‘ಮನೇಲಿ ೨೩೦ ವೋಲ್ಟು ತಡೆಯೋ ವೈರು, ನಿಮ್ಮ ೧೨ ವೋಲ್ಟು ತಡೆಯಲ್ವಾ?’

ತಡೆಯುವುದಿಲ್ಲ. ತಂತಿಯನ್ನು ಕಾಯಿಸುವುದು ವೋಲ್ಟಲ್ಲ, ಆಂಪಿಯರು. ಮನೆಯ ೬೦ ವಾಟಿನ ಬಲ್ಬು ೨೩೦ ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರಿಗೆ ತುಸು ಹೆಚ್ಚು. ಅದೇ ೬೦ ವಾಟನ್ನು ೧೨ ವೋಲ್ಟಿನಲ್ಲಿ ಉರಿಸಿದರೆ ೫ ಆಂಪಿಯರು. ಹತ್ತಿರ ಹತ್ತಿರ ಇಪ್ಪತ್ತು ಪಾಲು. ೬ ವೋಲ್ಟಿನ ಜೀಪಿನಲ್ಲಾದರೆ ಹತ್ತು ಆಂಪಿಯರು. ಮನೆಯ ಗೋಡೆಯಲ್ಲಿ ತಣ್ಣಗಿದ್ದ ತಂತಿ ಗಾಡಿಯಲ್ಲಿ ಬೆಚ್ಚಗಾಗುತ್ತದೆ, ಎರಡು ದೀಪಕ್ಕೂ ಒಂದೇ ತಂತಿ ಹಾಕಿದರೆ ಬಿಸಿಯಾಗುತ್ತದೆ. ಅದರ ಜೊತೆಗೆ ದಾರಿಯಲ್ಲಿ ವೋಲ್ಟು ಸೋರಿಹೋಗುತ್ತದೆ. ಬಲ್ಬಿಗೆ ನೂರಕ್ಕೆ ಹತ್ತು ಪಾಲು ವೋಲ್ಟು ಕಡಮೆಯಾದರೆ ಬೆಳಕು ನೂರಕ್ಕೆ ಮೂವತ್ತು ಪಾಲು ಕುಗ್ಗುತ್ತದೆ. ಹಳೆಯ ಪಿಕಪ್ಪುಗಳ ದೀಪ ಹರಳೆಣ್ಣೆಯ ಹಣತೆಯಂತೆ ಕೆಂಪಗೆ ಉರಿಯುವುದನ್ನು ಕಂಡವರು ಬ್ಯಾಟರಿ ಸಾಲದೆನ್ನುತ್ತಾರೆ. ಅನೇಕ ವೇಳೆ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ. ಬೆಳಕು ದಾರಿಯಲ್ಲಿ ತಂತಿಯನ್ನು ಕಾಯಿಸುತ್ತ ಕಳೆದುಹೋಗಿರುತ್ತದೆ.

ಇನ್ನೊಂದು ಸೂಕ್ಷ್ಮ. ಗಾಡಿಗೆಂದೇ ಮಾಡಿದ ತಂತಿಯಲ್ಲಿ ಕೂದಲಿನಂಥ ಎಳೆಗಳು ಹಲವು: ಸಣ್ಣದರಲ್ಲಿ ೧೪, ದಪ್ಪದರಲ್ಲಿ ೨೮, ೪೪. ಪ್ರತಿ ಎಳೆಯೂ ಅಂಗುಲದ ಸಾವಿರದಲ್ಲಿ ಹನ್ನೆರಡು ಪಾಲು ದಪ್ಪ. ಎಳೆ ಹೆಚ್ಚಿದಷ್ಟೂ ಬಾಗುವ ಗುಣ ಹೆಚ್ಚು. ಗೋಡೆ ಅಲುಗುವುದಿಲ್ಲವಾದ್ದರಿಂದ ಮನೆಯ ತಂತಿಗೆ ಮೂರು ದಪ್ಪ ಎಳೆ ಸಾಕು. ಕೊಡಗಿನ ರಸ್ತೆಯಲ್ಲಿ ಕುಣಿಯುವ ಗಾಡಿಯಲ್ಲಿ ಆ ಮೂರರಲ್ಲಿ ಒಂದು ಮುರಿದರೆ ಉಳಿದೆರಡರ ಮೇಲೆ ಹೊರೆ, ಎರಡರಲ್ಲಿ ಒಂದು ಮುರಿದರೆ ಉಳಿದದ್ದು ಕೆಂಡ.

ಆಗ ಕಾಪಾಡಬೇಕಾದದ್ದು ಫ್ಯೂಸು. ಈ ಗಾಡಿಯ ಫ್ಯೂಸಿನ ಜಾಗದಲ್ಲಿ ಎರಡು ಕಡೆ ಸಿಗರೇಟು ಪೊಟ್ಟಣದ ಬೇಗಡೆ, ಒಂದು ಕಡೆ ಹೊಸೆದ ತಾಮ್ರದ ತಂತಿ, ಒಂದು ಕಡೆ ಮೊಳೆ ಇದ್ದವು. ಸೇರಿಕೆಗಳಿಗೆ ಸುತ್ತಿದ್ದು ಸೈಕಲ್ ಟ್ಯೂಬಿನ ಪಟ್ಟಿ. ಅವು ಎಷ್ಟೆಂದು ಎಣಿಸಲು ಹೊರಟು ಅರ್ಧಕ್ಕೆ ಬಿಟ್ಟೆವು. ಈಗ ಓದುಗರು ಆ ಗಾಡಿಯ ಲೋಡು ಏನೆಂಬುದನ್ನು ನೆನಪಿಗೆ ತಂದುಕೊಳ್ಳಬೇಕು. ಅರಕಲಗೂಡು, ಪಿರಿಯಾಪಟ್ಟಣ, ಹುಣಸೂರುಗಳ ಕಡೆ ಮಳೆಯಾಶ್ರಯದಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್ನುಗಳಲ್ಲಿ ಸೌದೆಯ ಕಾವಿನಿಂದ ಹದಗೊಳಿಸಿ, ಬೇಲು ಕಟ್ಟಿ ರಾಮನಾಥಪುರದ ಹರಾಜು ಕಟ್ಟೆಗೆ ಒಯ್ಯುತ್ತಾರೆ. ಒಂದು ಕುಟುಂಬದ ಒಂದು ವರ್ಷದ ದುಡಿಮೆ, ಗರಿಗರಿಯಾಗಿ ಒಣಗಿದ ಎಲೆಯ ರೂಪದಲ್ಲಿ, ಈ ಬೇಗಡೆಯ ಫ್ಯೂಸಿನಿಂದ ಕೆಲವೇ ಅಡಿ ಹಿಂದೆ ಕುಳಿತಿರುತ್ತಿತ್ತು. ಬೆಂಕಿ ಬೀಳದೆ ಇದ್ದದ್ದು ಹೊಳೆಯಂಚಿನ ರಾಮೇಶ್ವರನ ಕೃಪೆ ಎಂದು ಮನೆಯವರು ಹೇಳುತ್ತಾರೆ. ಬೇರೆ ವಿವರಣೆ ನನಗೂ ಹೊಳೆಯಲಿಲ್ಲ.

ತಂತಿಯ ಮೇಲಿನ ಪದರ ಡೀಸೆಲಿನ ಕಾಲದ್ದು. ೧೯೭೩ರಲ್ಲಿ ಅರಬ್ ದೇಶಗಳವರು ಎಣ್ಣೆಯ ಬೆಲೆ ಏರಿಸಿದ ಮೇಲೆ ಪೆಟ್ರೋಲ್ ಪಿಕಪ್ಪು ಇಟ್ಟುಕೊಂಡವನು ಬಿಳಿಯಾನೆ ಸಾಕಿದಂತಾಯಿತು. ಮಹೀಂದ್ರದವರೇ ೧೯೭೫ರಲ್ಲಿ ಎಫ್.ಸಿ. ೨೬೦ ಎಂಬ ಡೀಸೆಲ್ ಗಾಡಿ ತಂದರು. ೧೯೭೯ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪೆನಿಯಿಂದ ಡೀಸೆಲ್ ಎಂಜಿನಿನ ಪರವಾನಗಿ ಪಡೆದರು. ಹೊಸದನ್ನು ಕೊಳ್ಳಲಾರದವರು ಹಳೆಯ ಗಾಡಿಯ ಹೊಟ್ಟೆ ಸೀಳಿ ಡೀಸೆಲ್ ಎಂಜಿನು ಕೂರಿಸಿದರು. ಈ ಗಾಡಿಗೂ ಅದೇ ಆಯಿತು. ಡೀಸೆಲಿಗೆ ಕಿಡಿ ಬೇಡ, ಆದ್ದರಿಂದ ಕಾಯಿಲು, ಡಿಸ್ಟ್ರಿಬ್ಯೂಟರು ಹೋದವು. ಅವುಗಳಿಗೆ ಹೋಗುತ್ತಿದ್ದ ತಂತಿಯನ್ನು ಮಾತ್ರ ಯಾರೂ ತೆಗೆಯಲಿಲ್ಲ. ಕೀಲಿ ತಿರುಗಿಸಿದಾಗಲೆಲ್ಲ ಅದರಲ್ಲಿ ವಿದ್ಯುತ್ತು ಹರಿದು ಬಂದು, ಎಲ್ಲಿಗೂ ಹೋಗದೆ, ಬೋಳು ತುದಿಯಲ್ಲಿ ಕಾದು ನಿಲ್ಲುತ್ತಿತ್ತು. ಎಂಜಿನಿನ ಮುಚ್ಚಳದ ಒಳಗೋಡೆಯಲ್ಲಿ ಅದು ತಾಗಿದ ಕಡೆಯೆಲ್ಲ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಇತ್ತ ಡೀಸೆಲು ಬಯಸುವ ಹೊಸ ತಂತಿಗಳು, ಚಳಿಯಲ್ಲಿ ಎಂಜಿನು ಹಿಡಿಯಲು ಬೇಕಾದ ಗ್ಲೋ ಪ್ಲಗ್ಗಿನದು, ಹೆಚ್ಚು ಬಲದ ಸೆಲ್ಫಿನದು, ಹಳೆಯ ತೆಳು ತಂತಿಗೇ ಜೋತುಬಿದ್ದಿದ್ದವು. ಚಿಕ್ಕ ಮನೆಯಲ್ಲಿ ದೊಡ್ಡ ಮದುವೆ ಮಾಡಿದಂತೆ.

ಇದನ್ನೆಲ್ಲ ನೋಡಿ ಹಿಂದಿನ ಮಿಸ್ತ್ರಿಗಳನ್ನು ದಡ್ಡರೆಂದು ಜರೆಯುವುದು ಸುಲಭ, ಪಟ್ಟಣದಿಂದ ಹೋದವರಿಗೆ ಇನ್ನೂ ಸುಲಭ. ನನಗೆ ಹಾಗನ್ನಿಸುವುದಿಲ್ಲ. ಪ್ರತಿಯೊಂದು ಸೇರಿಕೆಯೂ ಆ ಹೊತ್ತಿನ ಕಷ್ಟಕ್ಕೆ ಕೊಟ್ಟ ಉತ್ತರ. ಲೋಡು ಆವತ್ತಿಗೆ ಮುಟ್ಟಿತು. ತಪ್ಪಾದದ್ದು ಆವತ್ತಿನ ಉತ್ತರವನ್ನು ನಾಳೆ ಬಿಚ್ಚಿ ಸರಿಮಾಡದೆ ಇದ್ದದ್ದು. ನಾಳೆ ಬೇರೊಂದು ಲೋಡಿತ್ತು.

ಹಾಗಾದರೆ ಈ ‘ಇತಿಹಾಸ’ವನ್ನು ಹಾಗೆಯೇ ಉಳಿಸಬೇಕೆ? ಖಂಡಿತ ಬೇಡ. ದೇವಾಲಯದ ಬಿರುಕು ಬಿಟ್ಟ ತೊಲೆಯ ಕೆಳಗೆ ಭಕ್ತರನ್ನು ನಿಲ್ಲಿಸುವುದು ಸಂರಕ್ಷಣೆಯಲ್ಲ. ಇಂಥ ತಂತಿಗೆ ತೇಪೆ ಹಾಕಿ ಪ್ರಯೋಜನವಿಲ್ಲ, ಪೂರ್ತಿ ಹೊರಗೆ ಬರಬೇಕು. ಆದರೆ ಕತ್ತರಿ ಹಾಕುವ ಮೊದಲು ಓದಬೇಕು. ಕೊಣನೂರಿನ ಮಿಸ್ತ್ರಿ ಮಾಡಿದ್ದು ಅದನ್ನೇ. ಮೊದಲು ಬ್ಯಾಟರಿಯ ಅರ್ತು ಕಳಚಿದರು. ಪ್ರತಿ ತಂತಿಯ ಎರಡು ತುದಿಗೂ ಬಟ್ಟೆಯ ಚೂರು ಕಟ್ಟಿ, ಒಂದೇ ಸಂಖ್ಯೆ ಬರೆದರು. ಇದಕ್ಕೇ ಮೂರು ದಿನ ಹಿಡಿಯಿತು. ಆಮೇಲೆ ಇಡೀ ಜಾಲವನ್ನು ಹೊರತೆಗೆದು ಕಣದಲ್ಲಿ ಕುಂಬಳದ ಬಳ್ಳಿಯ ಹಾಗೆ ಹರಡಿ, ಅದರ ನಕಾಶೆಯನ್ನು ಮನೆಯ ಹುಡುಗಿಯಿಂದ ಲೆಕ್ಕದ ಪುಸ್ತಕದ ಹಾಳೆಗಳಲ್ಲಿ ಬರೆಸಿದರು. ಎಲ್ಲಿಂದ ಎಲ್ಲಿಗೆ, ಯಾವ ಬಣ್ಣ, ಯಾವ ಕಾಲದ್ದಿರಬಹುದು ಎಂಬುದೆಲ್ಲ ಅದರಲ್ಲಿದೆ.

ಹೊಸದರಲ್ಲಿ ಬಣ್ಣಕ್ಕೆ ಅವರು ಲ್ಯೂಕಸಿನ ಹಳೆಯ ಪದ್ಧತಿಯನ್ನು ಹಿಡಿದರು. ಬ್ಯಾಟರಿಯಿಂದ ನೇರ ಬರುವುದು ಕಂದು, ಕೀಲಿಯ ಆಚೆ ಬಿಳಿ, ಫ್ಯೂಸು ದಾಟಿದ ಮೇಲೆ ಹಸಿರು, ಮುಂದಿನ ದೊಡ್ಡ ದೀಪಗಳಿಗೆ ನೀಲಿ, ಚಿಕ್ಕ ದೀಪಕ್ಕೂ ಹಿಂದಿನದಕ್ಕೂ ಕೆಂಪು, ಅರ್ತಿಗೆ ಕಪ್ಪು. ಈ ಬಣ್ಣದ ಭಾಷೆ ಬಲ್ಲವನಿಗೆ ಯಾವ ಊರಿನಲ್ಲಿ ಗಾಡಿ ನಿಂತರೂ ಪುಸ್ತಕ ಬೇಡ. ದೊಡ್ಡ ದೀಪಕ್ಕೆ ರಿಲೇ ಹಾಕಿದರು. ಸ್ವಿಚ್ಚಿಗೆ ಹೊರೆಯಿಲ್ಲ, ಕರೆಂಟು ದಪ್ಪ ತಂತಿಯಲ್ಲಿ ನೇರವಾಗಿ ದೀಪಕ್ಕೆ. ತಗಡಿನ ತೂತುಗಳಲ್ಲಿ ತಂತಿ ಹಾಯುವಲ್ಲೆಲ್ಲ ರಬ್ಬರಿನ ಬಳೆ. ತುದಿಗಳನ್ನು ಬೆಸುಗೆ ಹಾಕದೆ ಇಕ್ಕಳದಿಂದ ಅಮುಕಿ ಕೂರಿಸಿದರು. ಬೆಸುಗೆಯ ಬಳಿ ತಂತಿ ಗಡುಸಾಗಿ ಅದುರಿಗೆ ಮುರಿಯುತ್ತದೆಂಬುದು ಅವರ ಅನುಭವ. ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ಅರ್ತಿನ ಮೇಲೆ. ಹತ್ತಾರು ವರ್ಷದ ಬಣ್ಣ, ತುಕ್ಕು, ಮಡ್ಡಿಗಳ ಮೇಲೆ ಬೋಲ್ಟು ಬಿಗಿದರೆ ವಿದ್ಯುತ್ತಿಗೆ ಹಿಂತಿರುಗುವ ದಾರಿ ಎಲ್ಲಿದೆ? ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿಸಿದರು. ಆಶ್ಚರ್ಯವೆಂದರೆ, ಎಡಕ್ಕೆ ಕೈತೋರಿದರೆ ಬಲದ ದೀಪ ಮಿಣುಕುವ ಈ ಗಾಡಿಯ ಹಳೆಯ ದೆವ್ವ ಓಡಿಹೋದದ್ದು ಹೊಸ ತಂತಿಯಿಂದಲ್ಲ, ಈ ಉಜ್ಜುವಿಕೆಯಿಂದ.

ಗಾಡಿ ಸಿದ್ಧವಾದ ಮೇಲೆ ಕಾನೂನಿನ ಪ್ರಶ್ನೆ ಎದ್ದಿತು. ಐವತ್ತು ವರ್ಷ ಮೀರಿದ ವಾಹನಗಳನ್ನು ಪರಂಪರೆಯ ವಾಹನಗಳೆಂದು ನೋಂದಾಯಿಸಲು ಕೇಂದ್ರ ಸರ್ಕಾರ ೨೦೨೧ರಲ್ಲಿ ನಿಯಮ ಮಾಡಿದೆ. ನಂಬರಿನ ನಡುವೆ ‘ವಿ.ಎ.’ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ ನಿಯಮದಲ್ಲಿ ಗೊತ್ತುಮಾಡಿದ ಶುಲ್ಕ ೨೦,೦೦೦ ರೂಪಾಯಿ. ದಿನಬಳಕೆಗೂ ಬಾಡಿಗೆಗೂ ಅಂಥ ವಾಹನವನ್ನು ರಸ್ತೆಗಿಳಿಸುವಂತಿಲ್ಲ. ಇವೆಲ್ಲ ಒಪ್ಪತಕ್ಕವೇ. ಆದರೆ ವಾಹನ ತನ್ನ ಮೂಲ ರೂಪದಲ್ಲಿಯೇ ಇರಬೇಕು, ಚಾಸಿಗೂ ಮೈಗೂ ಎಂಜಿನಿಗೂ ಮಾರ್ಪಾಡಾಗಿರಬಾರದು ಎಂಬ ಷರತ್ತಿದೆ. ಈ ಷರತ್ತನ್ನು ದಾಟುವ ಗಾಡಿ ಯಾವುದು? ಷೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿದ್ದದ್ದು. ದುಡಿದ ಗಾಡಿಗೆ ಎಂಜಿನು ಬದಲಾಗದೆ, ತೊಟ್ಟಿಗೆ ಹಲಗೆ ಬೀಳದೆ ಇರುವುದುಂಟೆ? ಎಪ್ಪತ್ತರ ದಶಕದ ಎಣ್ಣೆಯ ಮುಗ್ಗಟ್ಟನ್ನು ದಾಟಿ ಬದುಕಲು ಈ ಪಿಕಪ್ಪು ಡೀಸೆಲಾಯಿತು. ಬದುಕಿದ್ದೇ ಅದರ ಅನರ್ಹತೆಯಾಯಿತು. ನಿಯಮ ಬರೆದವರ ಕಣ್ಣಮುಂದೆ ಇದ್ದದ್ದು ಕಾರು, ಪಿಕಪ್ಪಲ್ಲ ಎಂದು ತೋರುತ್ತದೆ.

ಪೆಟ್ರೋಲ್ ಎಂಜಿನನ್ನು ಎಲ್ಲಿಂದಲಾದರೂ ಹುಡುಕಿ ತಂದು ಮತ್ತೆ ಕೂರಿಸಿ ‘ಅಸಲು’ ಮಾಡಬಹುದಲ್ಲ ಎಂದು ಬೆಂಗಳೂರಿನ ಬಂಧುವೊಬ್ಬರು ಸಲಹೆ ಕೊಟ್ಟರಂತೆ. ಬೇರೆ ಗಾಡಿಯಿಂದ ಬಿಚ್ಚಿ ತಂದ ಎಂಜಿನು ಈ ಗಾಡಿಗೆ ಅಸಲು, ಇದರ ಹೊಟ್ಟೆಯಲ್ಲೇ ನಲವತ್ತು ವರ್ಷ ದುಡಿದ ಎಂಜಿನು ನಕಲು ಎನ್ನುವ ಈ ನ್ಯಾಯ ನನಗೆ ಅರ್ಥವಾಗಲಿಲ್ಲ. ಮನೆಯವರಿಗೂ ಆಗಲಿಲ್ಲ. ಡೀಸೆಲ್ ಎಂಜಿನು ಉಳಿಯಿತು. ‘ವಿ.ಎ.’ಗೆ ಅರ್ಜಿ ಹಾಕಲಿಲ್ಲ. ಗಾಡಿ ಸದ್ಯಕ್ಕೆ ತಮ್ಮದೇ ತೋಟದ ಒಳದಾರಿಯಲ್ಲಿ ಗೊಬ್ಬರ ಹೊರುತ್ತದೆ.

ಆ ನಕಾಶೆಯಲ್ಲಿ ಒಂದು ತಂತಿಯ ಮುಂದೆ ಮಾತ್ರ ಹುಡುಗಿ ಪ್ರಶ್ನೆಯ ಗುರುತು ಹಾಕಿದ್ದಳು. ಚಾಲಕನ ಆಸನದ ಕೆಳಗಿನಿಂದ ಹೊರಟು, ಚಾಸಿಯ ಉದ್ದಕ್ಕೂ ಹಾದು, ತೊಟ್ಟಿಯ ಹಿಂದಿನ ಮೂಲೆಯಲ್ಲಿ ಕಡಿದುಹೋಗಿದ್ದ ತಂತಿ. ಕಂಪೆನಿಯದಲ್ಲ, ಮನೆಯ ೩/೨೨. ಅದು ಯಾತಕ್ಕೆಂದು ಮಿಸ್ತ್ರಿಗೂ ತಿಳಿಯಲಿಲ್ಲ. ಹಿಂದೆ ಆ ಗಾಡಿ ಓಡಿಸುತ್ತಿದ್ದ, ಈಗ ಕಣ್ಣು ಮಂಜಾಗಿರುವ ಮುದುಕರನ್ನು ಕರೆತಂದು ಕೇಳಿದಾಗ ಅವರು ತಂತಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ‘ಇದು ಹೆಂಗಸರ ದೀಪದ್ದು ಕಣವ್ವ’ ಎಂದರು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಕತ್ತಲಾದ ಮೇಲೆ ಕೂಲಿಯ ಹೆಂಗಸರನ್ನು ಹಾಡಿಗಳಿಗೆ, ಹಳ್ಳಿಗಳಿಗೆ ಬಿಡಬೇಕಾಗಿತ್ತು. ತೊಟ್ಟಿಯಿಂದ ಇಳಿಯುವಾಗ ಕಾಲಿಡುವ ಜಾಗ ಕಾಣಲೆಂದು ಯಜಮಾನರು ಒಂದು ಬಲ್ಬು ಹಾಕಿಸಿದ್ದರಂತೆ. ಹೊಸ ವೈರಿಂಗಿನಲ್ಲಿ ಅದಕ್ಕೆ ಬೇರೆಯೇ ಒಂದು ಸ್ವಿಚ್ಚು, ಐದು ಆಂಪಿಯರಿನ ಫ್ಯೂಸು, ಹದಿನಾಲ್ಕು ಎಳೆಯ ಕೆಂಪು ತಂತಿ ಕೊಟ್ಟು, ಇದ್ದ ಮೂಲೆಯಲ್ಲೇ ದೀಪವನ್ನು ಮತ್ತೆ ಕೂರಿಸಿದ್ದಾರೆ.